ಹಾಸನದ ನಮ್ಮ ಡಿಗ್ರಿ ಕಾಲೇಜಿನಿಂದ ಅಂತರ ಕಾಲೇಜು ಕ್ವಿಜ್‌ಗೆ ಮೂವರ ತಂಡ ಆರಿಸೋದು ಹೇಗೆ?

ಮೊದಲು ಒಂದು ಲಿಖಿತ ಸುತ್ತು ಇಡಿ. ಆದರೆ ಜಾಸ್ತಿ ಅಂಕ ತೆಗೆದ ಮೊದಲ ಮೂವರನ್ನು ಸುಮ್ನೆ ಆರಿಸಿಬಿಡಬೇಡಿ. ಮೂವರಿಗೂ ಕ್ರಿಕೆಟ್, ಸಿನಿಮಾ ಗೊತ್ತು, ವಿಜ್ಞಾನದ ಪ್ರಶ್ನೆ ಬಂದರೆ ಮೂವರೂ ಮುಖ ಮುಖ ನೋಡಿಕೊಳ್ಳುತ್ತಾರೆ ಅಂದರೆ ಏನು ಪ್ರಯೋಜನ? ಉತ್ತರ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಸ್ಥಾನದವರು ಬಿಟ್ಟ ಪ್ರಶ್ನೆಗಳಿಗೆ ಯಾರು ಹೆಚ್ಚು ಸರಿ ಉತ್ತರ ಬರೆದಿದ್ದಾರೋ ಅವರನ್ನು ತಗೊಳ್ಳಿ, ಒಟ್ಟು ಅಂಕದಲ್ಲಿ ಐದನೆಯವರಾದರೂ ಪರವಾಗಿಲ್ಲ. ಆ ಇಬ್ಬರೂ ಬಿಟ್ಟಿದ್ದನ್ನು ಬರೆದವರು ಮೂರನೆಯವರು.

ಅಭ್ಯಾಸಕ್ಕೆ ಬಾಯಿಪಾಠದ ಪ್ರಶ್ನೆ ಬೇಡ, ಸುಳಿವು ಹಿಡಿದು ಬಿಡಿಸುವಂಥವು ಬೇಕು. ಉದಾಹರಣೆಗೆ: 2023ರಲ್ಲಿ ಯುನೆಸ್ಕೊ ಪಟ್ಟಿಗೆ ಒಟ್ಟಿಗೆ ಸೇರಿದ ಮೂರು ದೇವಾಲಯಗಳಲ್ಲಿ ಎರಡು ಒಂದೇ ಜಿಲ್ಲೆಯವು, ಇನ್ನೊಂದು ಮೈಸೂರು ಜಿಲ್ಲೆಯದು. ಯಾವುದದು? ಬೇಲೂರು, ಹಳೇಬೀಡು ನಮ್ಮವೇ ಅಲ್ವಾ? ಹಾಗಾದರೆ ಹೊಯ್ಸಳರದ್ದೇ ಇನ್ನೊಂದು ಅಂತ ಯೋಚಿಸಿದರೆ ಸೋಮನಾಥಪುರದ ಕೇಶವ ದೇವಾಲಯ ಹೊಳೆಯುತ್ತದೆ. ಹೀಗೆ ಜೋರಾಗಿ ಮಾತಾಡುತ್ತಾ ಉತ್ತರ ಹುಡುಕೋದನ್ನು ಮೂವರೂ ರೂಢಿ ಮಾಡಿಕೊಳ್ಳಲಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಫೈನಲ್‌ನಲ್ಲಿ ಸಾಮಾನ್ಯವಾಗಿ ಬೌನ್ಸ್, ಪೌನ್ಸ್ ಇರುತ್ತವೆ. ಒಂದು ತಂಡಕ್ಕೆ ಗೊತ್ತಿಲ್ಲದ ಪ್ರಶ್ನೆ ಮುಂದಿನ ತಂಡಕ್ಕೆ ಹೋಗೋದು ಬೌನ್ಸ್. ನಿಮ್ಮ ಸರದಿ ಅಲ್ಲದಿದ್ದರೂ ಮೊದಲೇ ಚೀಟಿಯಲ್ಲಿ ಉತ್ತರ ಬರೆದು ಕೊಡೋದು ಪೌನ್ಸ್. ಅದು ತಪ್ಪಾದರೆ ಹೆಚ್ಚಿನ ಕಡೆ ಅಂಕ ಕಳೆಯುತ್ತಾರೆ. ಚೀಟಿ ಕೊಡಬೇಕೋ ಬೇಡವೋ ಅನ್ನೋ ಕೊನೆಯ ಮಾತು ಒಬ್ಬರದೇ ಇರಲಿ.

ಸಾಧ್ಯವಾದರೆ ಬೆಂಗಳೂರಿಗೆ ಹೋಗಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಕ್ವಿಜ್ ಒಂದರಲ್ಲಿ ಕೂತು ಬನ್ನಿ. 1983ರಿಂದ ನಡೆಸುತ್ತಿದ್ದಾರೆ. ಪ್ರಶ್ನೆಯ ಮಟ್ಟ ಏನು ಅಂತ ಅಲ್ಲಿ ತಿಳಿಯುತ್ತದೆ.