ಸ್ಕ್ಯಾನ್‌ನಲ್ಲಿ ದೋಷವಿಲ್ಲ ಎಂದರೂ ಬೆನ್ನುನೋವು ವರ್ಷಗಟ್ಟಲೆ ಉಳಿಯುವುದೇಕೆ?

ನೋವಿಗೂ ಸ್ಕ್ಯಾನ್ ಚಿತ್ರಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. 1994ರ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿರುವುದು ಕಂಡಿತು! ಚಿತ್ರ ಸರಿಯಿದ್ದೂ ನರಳುವವರು ಇನ್ನೊಂದು ಕಡೆ. ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ್ದು ಎನ್ನುತ್ತಾರೆ. ಆ ಹೊತ್ತಿಗೆ ಹಲವರಲ್ಲಿ ಬೆನ್ನುಹುರಿ, ಮೆದುಳಿನ ನರಜಾಲವೇ ಅತಿಸೂಕ್ಷ್ಮವಾಗಿ, ಸಣ್ಣ ಚಲನೆಯನ್ನೂ ಅಪಾಯವೆಂದು ಸಾರತೊಡಗಿರುತ್ತದೆ. ಹಾಗೆಂದು ‘ಎಲ್ಲ ಮನಸ್ಸಿನ ಭ್ರಮೆ’ ಎನ್ನುವುದು ತಪ್ಪು, ನನ್ನ ಮಟ್ಟಿಗೆ ಕ್ರೂರವೂ ಹೌದು.

ಚಿಕಿತ್ಸೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ವ್ಯಾಯಾಮ, ತಿಳಿವಳಿಕೆ, ಮನೋಚಿಕಿತ್ಸೆಗಳ ಪರ ನಿಂತಿದೆ. ಓಪಿಯಾಯ್ಡ್ ಔಷಧ (ಅಫೀಮಿನ ಬಗೆಯ ಪ್ರಬಲ ನೋವುನಿವಾರಕ), ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ವಾಡಿಕೆಯಾಗಿ ಬೇಡ ಎಂದಿದೆ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹತೋಟಿ ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಿ.