ಮೊಮ್ಮಗಳ ಚಿತ್ರದ ಐದು ಕಾಲಿನ ಪ್ರಾಣಿಯನ್ನು ಬಟ್ಟೆಯಲ್ಲಿ ಹೊಲಿಯುವುದು ಹೇಗೆ?

ಪ್ರಶ್ನೆ: ನನ್ನ ಆರು ವರ್ಷದ ಮೊಮ್ಮಗಳು ಐದು ಕಾಲಿನ, ಬೆನ್ನ ಮೇಲೆ ದೊಡ್ಡ ಡುಬ್ಬವಿರುವ ಪ್ರಾಣಿಯೊಂದನ್ನು ಬಿಡಿಸಿದ್ದಾಳೆ. ಆ ಡುಬ್ಬ ನಮ್ಮೂರಿನ ಬೆಟ್ಟವಂತೆ. ಅದೇ ಅಳತೆಗೆ ಹಳೆಯ ಸೀರೆ ಕತ್ತರಿಸಿ, ಕೈಯಲ್ಲಿ ಹೊಲಿದು, ಅರಳೆ ತುಂಬಿದೆ. ಕಾಲುಗಳು ಹೊರಗೆ ತಿರುಗಲೇ ಇಲ್ಲ, ಹೊಟ್ಟೆಯ ಹತ್ತಿರ ಹೊಲಿಗೆ ಬಾಯಿಬಿಟ್ಟಿತು, ಎಡಕ್ಕೆ ನೋಡಬೇಕಿದ್ದ ಪ್ರಾಣಿ ಬಲಕ್ಕೆ ನೋಡುತ್ತಿದೆ. ವರ್ಷಗಟ್ಟಲೆ ಕೌದಿ ಹೊಲಿದ ನನಗೆ ಇದು ಯಾಕೆ ಕೈಗೆ ಹತ್ತಲಿಲ್ಲ?
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಪ್ಪು ನಿಮ್ಮ ಕೈಯದಲ್ಲ, ತಾಯಿ. ಕೌದಿಯ ಲೆಕ್ಕ ಗೊಂಬೆಗೆ ಹೊಂದುವುದಿಲ್ಲ. ಕೌದಿಯಲ್ಲಿ ಬಟ್ಟೆ ಹಾಸಿದಷ್ಟೇ ಅಗಲವಾಗಿ ಉಳಿಯುತ್ತದೆ, ಸಾಲುಸಾಲಾಗಿ ಹಾಕಿದ ಟಾಕಿಗಳು ಪದರಗಳನ್ನು ಹಿಡಿದಿಟ್ಟರೆ ಸಾಕು. ಗೊಂಬೆಯಲ್ಲಿ ಹಾಗಲ್ಲ, ಒಳಗಿನ ಅರಳೆ ಹೊಲಿಗೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ ಮತ್ತು ದುಂಡಗಾಗುವ ಭರದಲ್ಲಿ ಅಗಲವನ್ನು ತಿಂದುಹಾಕುತ್ತದೆ. ಹೊಲಿಗೆಯಿಂದ ಹೊಲಿಗೆಗೆ 4 ಸೆಂ.ಮೀ. ಇರುವ ಕಾಲು ತುಂಬಿದ ಮೇಲೆ ಸುಮಾರು 2.5 ಸೆಂ.ಮೀ. ದಪ್ಪವಷ್ಟೇ ಆಗುತ್ತದೆ. ಮಕ್ಕಳು ಬಿಡಿಸುವ ಕಾಲುಗಳೋ ಬರೀ ಗೆರೆಗಳು.

ಆದ್ದರಿಂದ ಮೊದಲು ಚಿತ್ರವನ್ನು ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯಿಂದ ಎ3ಗೆ ಹಿಗ್ಗಿಸಿಕೊಳ್ಳಿ. ಅದರ ಮೇಲೆ ಪ್ರತಿ ಕಾಲನ್ನೂ 4 ಸೆಂ.ಮೀ. ಅಗಲಕ್ಕೆ, ಕಾಲು-ಕಾಲಿನ ನಡುವೆ 2 ಸೆಂ.ಮೀ. ಜಾಗ ಬಿಟ್ಟು ತಿದ್ದಿ ಬರೆಯಿರಿ. ಐದು ಕಾಲಿಗೆ ಒಟ್ಟು 28 ಸೆಂ.ಮೀ. ಬೇಕಾಗುತ್ತದೆ, ಎ3 ಹಾಳೆಯ 42 ಸೆಂ.ಮೀ. ಉದ್ದದಲ್ಲಿ ಅದು ಆರಾಮವಾಗಿ ಹಿಡಿಸುತ್ತದೆ. ಹೊಲಿಯಲು ಸುಲಭವೆಂದು ಐದನೆಯ ಕಾಲನ್ನು ಮಾತ್ರ ಬಿಟ್ಟುಬಿಡಬೇಡಿ. ಕತ್ತು, ಬಾಲ, ಮೂಲೆಗಳನ್ನು ಎಷ್ಟು ಬೇಕಾದರೂ ದುಂಡಗೆ ಮಾಡಿ, ಆದರೆ ಮಗು ತನ್ನದೆಂದು ಗುರುತು ಹಿಡಿಯುವುದು ಆ ಕಾಲನ್ನೂ ಆ ಡುಬ್ಬವನ್ನೂ ನೋಡಿಯೇ.

ಬಟ್ಟೆಯನ್ನು ಮೊದಲೇ ಕತ್ತರಿಸಿದ್ದರಿಂದಲೂ ನಿಮಗೆ ತೊಂದರೆಯಾಗಿದೆ. ಎರಡು ತುಂಡುಗಳ ಹೊರಮೈಗಳನ್ನು ಒಂದಕ್ಕೊಂದು ಮುಖಮಾಡಿ ಇಟ್ಟು, ಮೇಲಿನ ತುಂಡಿನ ಒಳಮೈ ಮೇಲೆ ಚಿತ್ರದ ಗೆರೆ ಎಳೆಯಿರಿ. ಆ ಗೆರೆಯ ಮೇಲೆಯೇ ಹೊಲಿದು, ಆಮೇಲೆ ಸುತ್ತಲೂ 7 ಮಿ.ಮೀ. ಬಿಟ್ಟು ಕತ್ತರಿಸಿ. ಪ್ರಾಣಿ ಯಾಕೆ ತಿರುಗಿ ನಿಂತಿತು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಹೊರಳಿಸಿದಾಗ ಗೆರೆ ಎಳೆದ ತುಂಡು ಕನ್ನಡಿಯ ಬಿಂಬದಂತೆ ಉಲ್ಟಾ ಆಗುತ್ತದೆ, ಅದರ ಕೆಳಗಿದ್ದ ತುಂಡು ಚಿತ್ರ ಇದ್ದ ಹಾಗೆಯೇ ಬರುತ್ತದೆ. ಆದ್ದರಿಂದ ಕಣ್ಣು, ಬಾಯಿಗಳನ್ನು ಕೆಳಗಿನ ತುಂಡಿನ ಮೇಲೆ ತೆಗೆಯಬೇಕು.

ಹೊಲಿಗೆಗೆ ಬ್ಯಾಕ್ ಸ್ಟಿಚ್ ಬಿಟ್ಟರೆ ಬೇರೆ ದಾರಿಯಿಲ್ಲ. ಸೂಜಿಯನ್ನು ಒಂದು ಟಾಕಿಯಷ್ಟು ಮುಂದೆ ಹೊರತೆಗೆದು, ಹಿಂದಿನ ಟಾಕಿ ಮುಗಿದ ತೂತಿಗೇ ಮರಳಿ ಚುಚ್ಚುತ್ತ, 2ರಿಂದ 3 ಮಿ.ಮೀ. ಅಳತೆಯಲ್ಲಿ ಸಾಗಿದರೆ ಅರಳೆಗೆ ಹೊರಬರಲು ಸಂದು ಸಿಗುವುದಿಲ್ಲ. ತಿರುಗಿಸಲು ಮತ್ತು ತುಂಬಲು ಡುಬ್ಬದ ಮೇಲಲ್ಲ, ಹೊಟ್ಟೆ ಅಥವಾ ಬೆನ್ನಿನ ನೇರ ಭಾಗದಲ್ಲಿ 6 ಸೆಂ.ಮೀ. ಬಾಯಿಯನ್ನು ಹೊಲಿಯದೆ ಬಿಡಿ. ಕಾಲುಗಳ ನಡುವಿನ ಪ್ರತಿ ಸಂದಿಯಲ್ಲೂ ಹೊಲಿಗೆಗೆ 2 ಮಿ.ಮೀ. ದೂರದವರೆಗೆ ಕತ್ತರಿಯ ತುದಿಯಿಂದ ಒಂದು ಕಚ್ಚು ಕೊಡಿ. ಈ ಕಚ್ಚಿಲ್ಲದಿದ್ದರೆ ಬಟ್ಟೆ ಅಲ್ಲೇ ಎಳೆದು ನೆರಿಗೆಗಟ್ಟುತ್ತದೆ, ಕಾಲು ನೆಟ್ಟಗೆ ನಿಲ್ಲುವುದಿಲ್ಲ. ಹೊರಳಿಸಲು ಪೆನ್ಸಿಲ್ಲಿನ ಮೊಂಡು ತುದಿ ಸಾಕು.

ತೀರಾ ಹಳೆಯ ಸೀರೆಯ ಎಳೆಗಳು ಸವೆದಿರುತ್ತವೆ, ಅದನ್ನು ಬೆಳಕಿಗೆ ಹಿಡಿದು ನೋಡಿಯೇ ಆರಿಸಿ. ಹೊಸ ಹತ್ತಿ ಬಟ್ಟೆಯಾದರೆ ಮೊದಲು ಒಗೆದು ಒಣಗಿಸಬೇಕು. ತುಂಬುವುದಕ್ಕೆ ನಿಮ್ಮ ಕಡೆಯ ಹೊಲದ ಹತ್ತಿಯೇ ಇದ್ದರೂ ಬೀಜ ತೆಗೆದು ಚೆನ್ನಾಗಿ ಹಿಂಜಿದ್ದಾಗಿರಲಿ. ಆದರೆ ಅರಳೆ ಒಗೆದಾಗ ಗಂಟುಗಟ್ಟುತ್ತದೆ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಆಗಾಗ ಒಗೆಯಬೇಕಾದ ಗೊಂಬೆಗೆ ದಿಂಬಿನ ಫೈಬರ್ ಮೇಲು ಎಂಬುದು ನನ್ನ ಅಭಿಪ್ರಾಯ. ಒಮ್ಮೆಗೇ ಹಿಡಿಗಟ್ಟಲೆ ತುರುಕದೆ, ಚಿಟಿಕೆ ಚಿಟಿಕೆಯಾಗಿ ಮೊದಲು ಕಾಲಿನ ತುದಿಗಳಿಗೆ, ಆಮೇಲೆ ಡುಬ್ಬಕ್ಕೆ, ಕೊನೆಗೆ ಹೊಟ್ಟೆಗೆ ತುಂಬಿ.

ಮನೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳೂ ಇದ್ದರೆ ಗುಂಡಿ, ಮಣಿಗಳು ಬೇಡವೇ ಬೇಡ. ಅವು ಕಿತ್ತುಬಂದು ಗಂಟಲಿಗೆ ಸಿಕ್ಕಬಹುದು, ಕಣ್ಣನ್ನು ದಾರದಲ್ಲೇ ತೆಗೆಯಿರಿ. ಕೊನೆಗೆ ತುಂಬಲು ಬಿಟ್ಟಿದ್ದ ಬಾಯಿಯ ಎರಡೂ ಅಂಚುಗಳನ್ನು ಒಳಕ್ಕೆ ಮಡಚಿ, ಸೂಜಿಯನ್ನು ಒಮ್ಮೆ ಈ ಮಡಿಕೆಯೊಳಗೆ, ಒಮ್ಮೆ ಆ ಮಡಿಕೆಯೊಳಗೆ ಹಾಯಿಸುತ್ತ ಹೋಗಿ ದಾರವನ್ನು ಮೆಲ್ಲಗೆ ಎಳೆದರೆ ಅಂಚುಗಳು ಕೂಡಿಕೊಂಡು ದಾರ ಒಳಗೇ ಅಡಗುತ್ತದೆ. ಗಂಟು ಹಾಕಿದ ಮೇಲೆ ಸೂಜಿಯನ್ನು ಹೊಟ್ಟೆಯ ಮೂಲಕ ಆಚೆ ಬದಿಗೆ ತೆಗೆದು, ದಾರವನ್ನು ಬಟ್ಟೆಯ ಮಟ್ಟಕ್ಕೆ ಕತ್ತರಿಸಿ.