ಆನ್‌ಲೈನ್ ಕರಾಟೆ ಬೆಲ್ಟಿಗೆ ಬೆಲೆಯಿದೆಯೇ? – ಪ್ರತಿಕ್ರಿಯೆ

ಹತ್ತು ವರ್ಷದ ಮಗಳು ವಿಡಿಯೊ ಪಾಠಗಳಲ್ಲೇ ಕರಾಟೆ ಕಲಿತು, ಪರೀಕ್ಷೆಯನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ ಕಳುಹಿಸಿ ಪಡೆಯುವ ಬೆಲ್ಟಿಗೆ ಬೆಲೆಯಿದೆಯೇ ಎಂದು ಕೇಳಿದ್ದೀರಿ. ಕಲಿಕೆಗೆ ಖಂಡಿತ ಬೆಲೆಯಿದೆ. ಬೆಲ್ಟಿಗೆ ಅಷ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಎದುರಾಳಿಯಿಲ್ಲದೆ ಮಾಡುವ ಚಲನೆಗಳ ಸರಣಿಯಾದ ಕತಾವನ್ನು ವಿಡಿಯೊ ನೋಡಿ ಬಾಯಿಪಾಠದಂತೆ ಕಲಿಯಬಹುದು. ಹೇಯಾನ್ ಶೋದಾನ್ ಕತಾದ ಆರಂಭದಲ್ಲಿ ಎಡಕ್ಕೆ ತಿರುಗಿ ಕೆಳಗಿನ ಏಟನ್ನು ತಡೆದು, ಬಲಗಾಲು ಮುಂದಿಟ್ಟು ಗುದ್ದುವುದನ್ನು ಮಗು ಒಂದೇ ಸಂಜೆಯಲ್ಲಿ ಕಲಿತೀತು. ಆದರೆ ಗುದ್ದುವ ಕ್ಷಣದಲ್ಲಿ ಹಿಂಗಾಲಿನ ಹಿಮ್ಮಡಿ ನೆಲದಿಂದ ಎದ್ದಿದ್ದರೆ ಎದುರಿನಿಂದ ತೆಗೆದ ವಿಡಿಯೊದಲ್ಲಿ ಅದು ಕಾಣುವುದೇ ಇಲ್ಲ; ಪಕ್ಕದಲ್ಲಿ ನಿಂತ ಗುರುಗಳಿಗೆ ತಕ್ಷಣ ಕಾಣುತ್ತದೆ. ಇನ್ನು ಎದುರಾಳಿಯೊಂದಿಗೆ ಸೆಣಸುವ ಕುಮಿತೆಯಂತೂ, ಎದುರಿಗೊಬ್ಬರು ನಿಜವಾಗಿ ನುಗ್ಗಿ ಬಂದಾಗ ಅಂತರವನ್ನು ಅಳೆಯುವುದು, ಹೆದರಿಕೆಯಲ್ಲೂ ಉಸಿರು ಕಟ್ಟದಿರುವುದು, ಏಟನ್ನು ತಾಗುವ ಮೊದಲೇ ನಿಲ್ಲಿಸುವುದು, ಇವೆಲ್ಲ ಜೊತೆಗಾರರಿಲ್ಲದೆ ಬರುವ ವಿದ್ಯೆಯಲ್ಲ.

ಜೂಡೋ ಸ್ಥಾಪಕ ಕಾನೋ ಜಿಗೊರೊ ಅವರು 1883ರಲ್ಲಿ ಮೊದಲ ದಾನ್ (ಇಂದು ಕಪ್ಪು ಬೆಲ್ಟ್ ಸೂಚಿಸುವ) ದರ್ಜೆ ನೀಡಿದ್ದು ಕಣ್ಣೆದುರೇ ಪಳಗಿದ ಇಬ್ಬರು ಶಿಷ್ಯರಿಗೆ. ಜಪಾನಿನಲ್ಲಿ ಕರಾಟೆಯನ್ನು ಹರಡಿದ ಗುರು ಫುನಾಕೋಶಿ ಗಿಚಿನ್ ಅವರು 1924ರಲ್ಲಿ ಆ ಪದ್ಧತಿಯನ್ನು ಕರಾಟೆಗೆ ತಂದರು. ಇಂದು ಪ್ರತಿಯೊಂದು ಶೈಲಿ, ಸಂಘ ತನ್ನದೇ ಬೆಲ್ಟ್ ಕೊಡುವುದರಿಂದ, ಮುಂದೆ ಬೇರೆ ತರಗತಿಗೆ ಸೇರಿದರೆ ಮಗಳನ್ನು ಬಿಳಿ ಬೆಲ್ಟಿನಿಂದಲೇ ಆರಂಭಿಸಲು ಹೇಳಬಹುದು. ಆ ವಯಸ್ಸಿನ ಮಗುವಿಗೆ ಅದು ಸಣ್ಣ ನೋವಲ್ಲ.

ಹಣ ಕಟ್ಟುವ ಮೊದಲು ಪ್ರಮಾಣಪತ್ರಕ್ಕೆ ಯಾವ ಸಂಘ ಸಹಿ ಹಾಕುತ್ತದೆ, ಕಪ್ಪು ಬೆಲ್ಟಿಗೆ ಖುದ್ದು ಪರೀಕ್ಷೆ ಇದೆಯೇ ಎಂದು ದಯವಿಟ್ಟು ವಿಚಾರಿಸಿ. ಹತ್ತಿರದಲ್ಲಿ ವಾರಕ್ಕೆರಡು ದಿನದ ತರಗತಿ ಸಿಕ್ಕರೆ ಅಲ್ಲಿಗೆ ಸೇರಿಸಿ, ಉಳಿದ ದಿನಗಳ ಅಭ್ಯಾಸಕ್ಕೆ ವಿಡಿಯೊಗಳನ್ನು ಇಟ್ಟುಕೊಳ್ಳಿ.